ಸೂಜಿಗೆ ರಸೀದಿ ಇಲ್ಲ

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ರೈತ ತಂದ ಪ್ರತಿ ಲಾಟಿಗೂ ಒಂದು ನಂಬರಿದೆ. ತೂಕ ಎಷ್ಟು, ಹರಾಜು ಎಷ್ಟಕ್ಕೆ ನಿಂತಿತು, ಕೊಂಡ ರೀಲರ್ ಯಾರು, ಎಲ್ಲಕ್ಕೂ ಬರಹ ಇರುತ್ತದೆ. ನೂರು ಗ್ರಾಂ ಹೆಚ್ಚುಕಮ್ಮಿಯಾದರೆ ರೈತ ಜಗಳಕ್ಕೆ ನಿಲ್ಲುತ್ತಾನೆ. ಅದೇ ರೈತ ಊರಿಗೆ ಹೋಗುವ ದಾರಿಯಲ್ಲಿ ಮೈ ಬಿಸಿಯಾಗಿದೆ ಎಂದು ಒಂದು ಮಳಿಗೆಯ ಬೆಂಚಿನ ಮೇಲೆ ಕೂರುತ್ತಾನೆ. “ಏನೂ ಆಗಲ್ಲ ಬಿಡಣ್ಣ, ಒಂದು ಸೂಜಿ ಹಾಕ್ತೀನಿ, ಬೆಳಿಗ್ಗೆಗೆ ಎದ್ದು ಓಡಾಡ್ತೀಯ” ಅನ್ನುತ್ತಾರೆ ಒಳಗಿನವರು. ಸೊಂಟಕ್ಕೊಂದು ಸೂಜಿ, ಹಳೆ ಪೇಪರಿನ ಪೊಟ್ಟಣದಲ್ಲಿ ಮೂರು ಬಣ್ಣದ ಬಿಡಿ ಮಾತ್ರೆ. ದುಡ್ಡು ಕೊಟ್ಟು ಎದ್ದು ಬರುತ್ತಾನೆ. ಒಳಗೆ ಹೋದ ಔಷಧಿ ಯಾವುದು, ಎಷ್ಟು, ಕೊಟ್ಟವರ ಓದು ಏನು, ಒಂದಕ್ಕೂ ಚೀಟಿ ಇಲ್ಲ.

ಆರೋಗ್ಯದ ಹೆಸರಿನಲ್ಲಿ ನಡೆಯುವ ಮೋಸಕ್ಕೆ ನಮ್ಮ ಕಾನೂನಿನಲ್ಲಿ ಶಿಕ್ಷೆ ಇದೆಯೇ ಎಂದು ಕೇಳಿದರೆ, ಧಾರಾಳವಾಗಿ ಇದೆ. ಆರು ತಿಂಗಳ ಸಜೆಯಿಂದ ಜೀವಾವಧಿಯವರೆಗೆ ಹತ್ತಾರು ಸೆಕ್ಷನ್ನುಗಳಿವೆ. ಆದರೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಸಂತೆಯಲ್ಲಿ ನಿಂತು, ಇಂಥ ಮೋಸಕ್ಕೆ ಜೈಲಿಗೆ ಹೋದವರು ಯಾರನ್ನಾದರೂ ಬಲ್ಲಿರಾ ಎಂದು ಕೇಳಿ ನೋಡಿ. ಬೀಗ ಬಿದ್ದ ಕ್ಲಿನಿಕ್ ನೆನಪಾಗುತ್ತದೆ, ಕಂಬಿ ಎಣಿಸಿದವರ ನೆನಪಾಗುವುದಿಲ್ಲ. ಸೆಕ್ಷನ್ನಿಗೂ ಕಂಬಿಗೂ ನಡುವೆ ಇರುವ ಈ ದೂರವನ್ನು ಅಳೆಯುವುದೇ ಈ ಲೇಖನದ ಕೆಲಸ.

ಫೋರ್‌ಟ್ವೆಂಟಿಗೆ ಹೊಸ ನಂಬರು

ಮೋಸಗಾರನನ್ನು ‘ಫೋರ್‌ಟ್ವೆಂಟಿ’ ಎಂದು ಬೈಯುವುದು ನಮಗೆಲ್ಲ ರೂಢಿ. 1860ರ ಭಾರತೀಯ ದಂಡ ಸಂಹಿತೆಯ 420ನೇ ಸೆಕ್ಷನ್ನಿನಿಂದ ಬಂದ ಬೈಗುಳ ಅದು. 2024ರ ಜುಲೈ 1ರಿಂದ ಆ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆಯ 318(4) ಬಂದಿದೆ. ಬೈಗುಳ ಹಳೆಯದೇ ಉಳಿದಿದೆ, ಶಿಕ್ಷೆಯೂ ಅಷ್ಟೇ: ಏಳು ವರ್ಷದವರೆಗೆ ಸಜೆ, ಜೊತೆಗೆ ದಂಡ. ಮೋಸಕ್ಕಾಗಿ ಸುಳ್ಳು ದಾಖಲೆ ಸೃಷ್ಟಿಸಿದರೆ 336(3)ರ ಅಡಿ ಏಳು ವರ್ಷ. ಬೇರೆಯವರ ಹೆಸರಿನಲ್ಲಿ ತಾನೇ ಅವರೆಂದು ನಟಿಸಿದರೆ 319ರ ಅಡಿ ಐದು ವರ್ಷ. ಸರ್ಕಾರಿ ನೌಕರ ತನ್ನ ಕೈಗೆ ಒಪ್ಪಿಸಿದ ಹಣ ನುಂಗಿದರೆ 316(5)ರ ಅಡಿ ಹತ್ತು ವರ್ಷದವರೆಗೆ, ಇಲ್ಲವೇ ಜೀವಾವಧಿ.

ಇವು ಯಾವುವೂ ಆರೋಗ್ಯಕ್ಕೆಂದು ಹೆಣೆದವಲ್ಲ. ಚಿನ್ನ ದುಪ್ಪಟ್ಟು ಮಾಡಿಕೊಡುತ್ತೇನೆ ಎಂದವನಿಗೂ, ಇಲ್ಲದ ಕಾಯಿಲೆಗೆ ಆಪರೇಷನ್ ಮಾಡಿದವನಿಗೂ ಒಂದೇ 318. ಅಮೆರಿಕದಲ್ಲಿ ಹಾಗಿಲ್ಲ. ಆರೋಗ್ಯ ಯೋಜನೆಗೆ ಮೋಸ ಮಾಡುವುದೇ ಒಂದು ಪ್ರತ್ಯೇಕ ಅಪರಾಧ ಎಂದು ಅಲ್ಲಿ 1996ರಲ್ಲಿ ಕಾನೂನು ಮಾಡಿದರು. ಸಾಮಾನ್ಯ ಮೋಸಕ್ಕೆ ಹತ್ತು ವರ್ಷ, ರೋಗಿಗೆ ಗಂಭೀರ ಗಾಯವಾದರೆ ಇಪ್ಪತ್ತು, ರೋಗಿ ಸತ್ತರೆ ಜೀವಾವಧಿಯವರೆಗೆ. 2025ರ ಜೂನ್‌ನಲ್ಲಿ ಅಲ್ಲಿನ ನ್ಯಾಯಾಂಗ ಇಲಾಖೆ ದೇಶದಾದ್ಯಂತ ಒಟ್ಟಿಗೆ 324 ಜನರ ಮೇಲೆ ಆರೋಪ ಹೊರಿಸಿತು. ಅವರು ಬಾಚಲು ಹೊರಟಿದ್ದ ಮೊತ್ತ 1,460 ಕೋಟಿ ಡಾಲರ್ ಎಂದು ಲೆಕ್ಕ ಕೊಟ್ಟಿತು. ಕಠಿಣ ಕಾನೂನಿದ್ದೂ ಮೋಸ ಅಷ್ಟಿದೆ ಎಂಬುದು ಒಂದು ಪಾಠ. ಅಷ್ಟು ಜನರನ್ನು ಹೆಸರಿಟ್ಟು ಕೋರ್ಟಿಗೆ ಎಳೆಯಲು ಬೇಕಾದ ದಾಖಲೆ ಅಲ್ಲಿದೆ ಎಂಬುದು ಅದಕ್ಕಿಂತ ದೊಡ್ಡ ಪಾಠ.

ಎರಡು ಬಗೆಯ ಆರ್‌ಎಂಪಿ

ನಮ್ಮ ಹಳ್ಳಿಗಳಲ್ಲಿ ‘ಆರ್‌ಎಂಪಿ ಡಾಕ್ಟ್ರು’ ಎಂದರೆ ಡಿಗ್ರಿ ಇಲ್ಲದಿದ್ದರೂ ಸೂಜಿ ಹಾಕುವವರು. ಕಾನೂನಿನ ಪುಸ್ತಕದಲ್ಲಿ ಅದೇ ಮೂರಕ್ಷರಕ್ಕೆ ನೋಂದಾಯಿತ ವೈದ್ಯ ಎಂದು ಅರ್ಥ, ಅಂದರೆ ಸರಿಯಾದ ಪದವಿ ಪಡೆದು ವೈದ್ಯಕೀಯ ಪರಿಷತ್ತಿನ ಪಟ್ಟಿಯಲ್ಲಿ ಹೆಸರಿರುವವರು. ಒಂದೇ ಹೆಸರಿಗೆ ಇಷ್ಟು ತದ್ವಿರುದ್ಧವಾದ ಎರಡು ಅರ್ಥ ಬೇರೆಲ್ಲಿ ಸಿಕ್ಕೀತು?

ಈ ವ್ಯತ್ಯಾಸದ ಮೇಲೆ ಜೈಲಿನ ವರ್ಷಗಳೂ ನಿಂತಿವೆ. ನ್ಯಾಯ ಸಂಹಿತೆಯ 106(1)ರ ಪ್ರಕಾರ ನಿರ್ಲಕ್ಷ್ಯದಿಂದ ಸಾವು ತಂದವರಿಗೆ ಐದು ವರ್ಷದವರೆಗೆ ಸಜೆ. ಚಿಕಿತ್ಸೆಯ ವೇಳೆ ನೋಂದಾಯಿತ ವೈದ್ಯರಿಂದ ಹಾಗಾದರೆ ಎರಡೇ ವರ್ಷ. ಊರಿನ ಆರ್‌ಎಂಪಿಗೆ ಈ ರಿಯಾಯಿತಿ ಸಿಗುವುದಿಲ್ಲ, ಅವರು ಐದು ವರ್ಷದ ಸಾಲಿನಲ್ಲೇ ನಿಲ್ಲಬೇಕು.

ಪದವಿ ಇಲ್ಲದೆ ವೈದ್ಯ ವೃತ್ತಿ ಮಾಡುವುದಕ್ಕೆ 1956ರ ವೈದ್ಯಕೀಯ ಪರಿಷತ್ತಿನ ಕಾಯ್ದೆಯಲ್ಲಿ ಒಂದು ವರ್ಷದವರೆಗೆ ಸಜೆ ಅಥವಾ ಸಾವಿರ ರೂಪಾಯಿ ದಂಡ ಇತ್ತು. ರಾಷ್ಟ್ರೀಯ ವೈದ್ಯಕೀಯ ಆಯೋಗದ 2019ರ ಕಾಯ್ದೆಯ 34ನೇ ಸೆಕ್ಷನ್ ದಂಡವನ್ನು ಐದು ಲಕ್ಷದವರೆಗೆ ಏರಿಸಿತು. ಸಜೆ ಮಾತ್ರ ಒಂದು ವರ್ಷದಲ್ಲೇ ಉಳಿಯಿತು. ಒಂದು ಪದ್ಧತಿ ಓದಿ ಇನ್ನೊಂದು ಪದ್ಧತಿಯ ಔಷಧಿ ಕೊಡುವವರ ಬಗ್ಗೆ ಸುಪ್ರೀಂ ಕೋರ್ಟ್ 1996ರಲ್ಲೇ, ಪೂನಂ ವರ್ಮಾ ಪ್ರಕರಣದಲ್ಲಿ, ಮುಲಾಜಿಲ್ಲದೆ ಹೇಳಿದೆ: ಹೋಮಿಯೋಪತಿ ಕಲಿತು ಅಲೋಪತಿ ಮಾಡಿದರೆ ಅಲೋಪತಿಯ ಮಟ್ಟಿಗೆ ಅವರು ನಕಲಿ ವೈದ್ಯರೇ.

ದಾಳಿಗಳು ಆಗುತ್ತವೆ. ತಾಲ್ಲೂಕು ಆರೋಗ್ಯಾಧಿಕಾರಿ ಜೀಪಿನಲ್ಲಿ ಬರುತ್ತಾರೆ, ಷಟರ್ ಎಳೆದು ಬೀಗಮುದ್ರೆ ಹಾಕುತ್ತಾರೆ, ಮರುದಿನ ಪತ್ರಿಕೆಯಲ್ಲಿ ಫೋಟೋ ಬರುತ್ತದೆ. ಆಮೇಲೆ ಪಕ್ಕದ ಹೋಬಳಿಯಲ್ಲಿ ಹೊಸ ಬೋರ್ಡು ಏಳುವುದನ್ನು ಜನ ಎಷ್ಟೋ ಸಲ ನೋಡಿದ್ದಾರೆ. ಗಡಿ ಬೇರೆ ಹತ್ತಿರ. ಗೌರಿಬಿದನೂರಿನವರಿಗೆ ಹಿಂದೂಪುರ, ಚಿಂತಾಮಣಿಯವರಿಗೆ ಮದನಪಲ್ಲಿ ಪಕ್ಕದ ಪೇಟೆಗಳು. ಆದರೆ ಅವು ಆಂಧ್ರಕ್ಕೆ ಸೇರಿದವು, ಕರ್ನಾಟಕದ ಅಧಿಕಾರಿಗಳ ಕೈ ಅಲ್ಲಿಗೆ ಚಾಚದು.

ಜನ ಯಾಕೆ ಹೋಗುತ್ತಾರೆ ಎಂಬುದನ್ನೂ ಹೇಳಬೇಕು. ರಾತ್ರಿ ಎಂಟಕ್ಕೆ ಮಗುವಿಗೆ ಜ್ವರ ಏರಿದಾಗ ಪ್ರಾಥಮಿಕ ಆರೋಗ್ಯ ಕೇಂದ್ರದ ಬಾಗಿಲು ಹಾಕಿರುತ್ತದೆ. ಆರ್‌ಎಂಪಿಯ ಬಾಗಿಲು ತೆರೆದಿರುತ್ತದೆ, ಸಾಲವೂ ನಡೆಯುತ್ತದೆ. ಈ ಕೊರತೆಯನ್ನು ಬರೀ ಪೊಲೀಸರಿಂದ ತುಂಬಲಾಗದು.

ಹೆಬ್ಬೆಟ್ಟು ಒತ್ತಿದ ಮೇಲೆ

ಎರಡನೆಯ ಬಗೆಯ ಮೋಸ ಎ.ಸಿ. ಕೋಣೆಯಲ್ಲಿ ನಡೆಯುತ್ತದೆ. 2003ರಲ್ಲಿ ಸಹಕಾರಿ ರೈತರಿಗಾಗಿ ಯಶಸ್ವಿನಿ, 2010ರಲ್ಲಿ ಕಲಬುರಗಿ ವಿಭಾಗದಿಂದ ಶುರುವಾದ ವಾಜಪೇಯಿ ಆರೋಗ್ಯಶ್ರೀ, 2018ರಲ್ಲಿ ಆರೋಗ್ಯ ಕರ್ನಾಟಕ, ಅದೇ ವರ್ಷ ಅದರೊಂದಿಗೆ ಬೆಸೆದ ಆಯುಷ್ಮಾನ್ ಭಾರತ್. ಹೀಗೆ ಬಡವರ ಚಿಕಿತ್ಸೆಯ ಹಣ ನೇರ ಆಸ್ಪತ್ರೆಗೆ ಹೋಗುವ ವ್ಯವಸ್ಥೆ ಬೆಳೆಯಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ. ರಾಜ್ಯದಲ್ಲಿ ಇದರ ಹೊಣೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿನದು. ಸಾವಿರಾರು ಮನೆಗಳು ಸಾಲದಿಂದ ಉಳಿದದ್ದು ಈ ಯೋಜನೆಗಳಿಂದ. ಅದೇ ಹಣದ ಮೇಲೆ ಹದ್ದಿನ ಕಣ್ಣೂ ಬಿದ್ದಿದೆ.

ಬಿಡುಗಡೆಯ ದಿನ ಕೌಂಟರಿನಲ್ಲಿ ನಡೆಯುವುದನ್ನು ಒಮ್ಮೆ ನೋಡಿ. ಅಜ್ಜಿಯ ಕೈಗೆ ನಾಲ್ಕೈದು ಹಾಳೆ ಬರುತ್ತವೆ, ಎಲ್ಲವೂ ಇಂಗ್ಲಿಷ್. “ಇಲ್ಲೊಂದು ಒತ್ತಮ್ಮ, ಇಲ್ಲೊಂದು.” ಮಗ ಹೊರಗೆ ಆಟೋ ಹುಡುಕುತ್ತಿದ್ದಾನೆ. ಯಾವ ಚಿಕಿತ್ಸೆಗೆ ಎಷ್ಟು ಹಣ ತನ್ನ ಕಾರ್ಡಿನಿಂದ ಹೋಯಿತು ಎಂದು ಅಜ್ಜಿಗೂ ಗೊತ್ತಿಲ್ಲ, ಮಗನಿಗೂ ಗೊತ್ತಿಲ್ಲ. “ಫ್ರೀ ಅಲ್ವಾ” ಎಂಬ ಒಂದು ಮಾತಿನಲ್ಲಿ ಲೆಕ್ಕ ಮುಗಿಯುತ್ತದೆ. ಒಂದು ದಿನ ಮಲಗಿದ್ದನ್ನು ನಾಲ್ಕು ದಿನ ಎಂದು ಬರೆಯಲು, ಸಣ್ಣ ಚಿಕಿತ್ಸೆಯನ್ನು ದೊಡ್ಡ ಪ್ಯಾಕೇಜಿಗೆ ಏರಿಸಲು, ಯೋಜನೆಯ ಹಣವನ್ನೂ ಪಡೆದು ರೋಗಿಯ ಕೈಯಿಂದಲೂ ಕೀಳಲು ಈ ಒಂದು ಮಾತು ಸಾಕು.

ಮಹಾಲೇಖಪಾಲರು 2023ರಲ್ಲಿ ಸಂಸತ್ತಿಗೆ ಕೊಟ್ಟ ವರದಿ ದೇಶದ ಮಟ್ಟದಲ್ಲಿ ಈ ಕಾಗದಗಳ ಗತಿ ತೋರಿಸಿತು. ಒಂಬತ್ತನ್ನು ಹತ್ತು ಸಲ ಬರೆದರೆ ಆಗುವ ಒಂದೇ ಮೊಬೈಲ್ ನಂಬರಿಗೆ ಸುಮಾರು 7.5 ಲಕ್ಷ ಫಲಾನುಭವಿಗಳು ಜೋಡಣೆಯಾಗಿದ್ದರು. ಸತ್ತಿದ್ದಾರೆಂದು ಹಿಂದೆಯೇ ದಾಖಲಾಗಿದ್ದ 3,446 ರೋಗಿಗಳ ಚಿಕಿತ್ಸೆಗೆಂದು 6.97 ಕೋಟಿ ರೂಪಾಯಿ ಪಾವತಿಯಾಗಿತ್ತು. ಫಲಾನುಭವಿಯನ್ನು ಗುರುತಿಸಲು ಮೊಬೈಲ್ ನಂಬರು ಬಳಸುವುದಿಲ್ಲ ಎಂದು ಕೇಂದ್ರ ಸಮಜಾಯಿಷಿ ಕೊಟ್ಟಿತು. ಸತ್ತವರ ಲೆಕ್ಕ ಅಷ್ಟು ಸುಲಭಕ್ಕೆ ಬಗೆಹರಿಯುವಂಥದ್ದಲ್ಲ.

ಶಿಕ್ಷೆ ಏನಾಯಿತು? 2025ರಲ್ಲಿ ಕೇಂದ್ರ ಸರ್ಕಾರವೇ ಸಂಸತ್ತಿಗೆ ಕೊಟ್ಟ ಲೆಕ್ಕ ಹೀಗಿದೆ: 1,114 ಆಸ್ಪತ್ರೆಗಳನ್ನು ಯೋಜನೆಯಿಂದ ಹೊರಹಾಕಲಾಗಿದೆ, 549 ಆಸ್ಪತ್ರೆಗಳು ಅಮಾನತಾಗಿವೆ, 1,504 ಆಸ್ಪತ್ರೆಗಳಿಗೆ 122 ಕೋಟಿ ರೂಪಾಯಿ ದಂಡ ಬಿದ್ದಿದೆ. ಹೊರಹಾಕುವುದು, ಅಮಾನತು, ದಂಡ, ಮೂರೂ ಗುತ್ತಿಗೆ ಮುರಿದವರಿಗೆ ಕೊಡುವ ಶಿಕ್ಷೆಗಳು. ಬೇಲಿ ತಂತಿ ಕದ್ದವನಿಗೆ ಎಫ್‌ಐಆರ್, ಬಡವರ ಚಿಕಿತ್ಸೆಯ ದುಡ್ಡು ಕದ್ದವರಿಗೆ ನೋಟಿಸು.

ಕತ್ತರಿ ಮೈಗೆ ಬಿದ್ದಾಗಲೂ ಇದೇ ಕತೆ. ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಎಳೆ ವಯಸ್ಸಿನ ಲಂಬಾಣಿ ಹೆಂಗಸರ ಗರ್ಭಕೋಶವನ್ನು ಅಗತ್ಯವಿಲ್ಲದೆ ತೆಗೆದ ವಿಷಯ 2015ರಲ್ಲಿ ರಾಜ್ಯವನ್ನೇ ಬೆಚ್ಚಿಬೀಳಿಸಿತು. ಬಿಹಾರ, ಛತ್ತೀಸಗಢ, ರಾಜಸ್ಥಾನಗಳ ಇಂಥದ್ದೇ ದೂರಿನ ಮೇಲೆ ಸುಪ್ರೀಂ ಕೋರ್ಟ್ 2023ರ ಏಪ್ರಿಲ್ 5ರಂದು ತೀರ್ಪು ಕೊಟ್ಟು, ಒಪ್ಪಿಗೆ ಇಲ್ಲದೆ ಅನಗತ್ಯವಾಗಿ ಗರ್ಭಕೋಶ ತೆಗೆಯುವ ಆಸ್ಪತ್ರೆಗಳನ್ನು ಕಪ್ಪುಪಟ್ಟಿಗೆ ಸೇರಿಸಿ ಎಂದಿತು. ಗುಜರಾತಿನಲ್ಲಿ 2024ರ ನವೆಂಬರಿನಲ್ಲಿ ಲೆಕ್ಕ ಸ್ವಲ್ಪ ಬೇರೆಯಾಯಿತು. ಬೋರಿಸಣ ಎಂಬ ಹಳ್ಳಿಯಲ್ಲಿ ಉಚಿತ ಶಿಬಿರ ನಡೆಸಿ 19 ಜನರನ್ನು ಅಹಮದಾಬಾದಿನ ಖಾಸಗಿ ಆಸ್ಪತ್ರೆಯೊಂದಕ್ಕೆ ಕರೆದೊಯ್ದರು. ಏಳು ಜನಕ್ಕೆ ಹೃದಯದಲ್ಲಿ ಸ್ಟೆಂಟ್ ಹಾಕಿದರು, ಇಬ್ಬರು ಸತ್ತರು. ಆಯುಷ್ಮಾನ್ ಹಣಕ್ಕಾಗಿ ಹೀಗೆ ಮಾಡಿದರು ಎಂಬ ಆರೋಪದ ಮೇಲೆ ಬಂಧನಗಳಾದವು, ಕೇಸು ಕೋರ್ಟಿಗೆ ಹೋಯಿತು. ಆದರೆ ಅದಕ್ಕೆ ಎರಡು ಹೆಣ ಬೀಳಬೇಕಾಯಿತು.

ರೋಗಿಯ ಕಡೆಯ ಮೋಸವನ್ನು ಮುಚ್ಚಿಡುವುದು ನ್ಯಾಯವಲ್ಲ. ಚಿಕ್ಕಪ್ಪನ ಕಾರ್ಡಿನಲ್ಲಿ ಅಣ್ಣನ ಮಗ ಅಡ್ಮಿಟ್ ಆಗುವುದು, ಎರಡಂತಸ್ತಿನ ಮನೆಯವರು ಬಿಪಿಎಲ್ ಕಾರ್ಡು ತೋರಿಸುವುದು ನಮ್ಮಲ್ಲಿ ಯಾರಿಗೂ ಅಪರಾಧ ಅನ್ನಿಸುವುದಿಲ್ಲ. ಬೇರೆಯವರ ಕಾರ್ಡು ಬಳಸಿದವರಿಗೂ ಮೇಲೆ ಹೇಳಿದ 319 ಅನ್ವಯಿಸುತ್ತದೆ.

ನಕಲಿ ಬೇರೆ, ಕಳಪೆ ಬೇರೆ

ಔಷಧಿಯ ಮೋಸಕ್ಕೆ ಇರುವಷ್ಟು ಕಠಿಣ ಶಿಕ್ಷೆ ಈ ಕ್ಷೇತ್ರದ ಬೇರಾವುದಕ್ಕೂ ಇಲ್ಲ. 1940ರ ಔಷಧ ಕಾಯ್ದೆಗೆ 2008ರಲ್ಲಿ ಆದ ತಿದ್ದುಪಡಿಯ ಪ್ರಕಾರ ನಕಲಿ ಔಷಧಿಯಿಂದ ಸಾವು ಅಥವಾ ತೀವ್ರ ಗಾಯವಾದರೆ ಕನಿಷ್ಠ ಹತ್ತು ವರ್ಷ, ಗರಿಷ್ಠ ಜೀವಾವಧಿ, ದಂಡ ಹತ್ತು ಲಕ್ಷಕ್ಕೆ ಕಡಿಮೆಯಿಲ್ಲ. ಸಾವು ಆಗದಿದ್ದರೂ ನಕಲಿ ಔಷಧಿ ಮಾಡಿದ್ದಕ್ಕೆ, ಮಾರಿದ್ದಕ್ಕೆ ಕನಿಷ್ಠ ಏಳು ವರ್ಷ.

ಒಡಕು ಇರುವುದು ‘ನಕಲಿ’ ಮತ್ತು ‘ಕಳಪೆ’ ಎಂಬ ಎರಡು ಪದಗಳ ನಡುವೆ. ಅಸಲಿ ಕಂಪನಿಯೇ ಗುಣಮಟ್ಟ ಕೆಟ್ಟ ಔಷಧಿ ಮಾಡಿದರೆ ಸಾಮಾನ್ಯವಾಗಿ ಬೀಳುವುದು 27(ಡಿ), ಅಂದರೆ ಒಂದರಿಂದ ಎರಡು ವರ್ಷ. 2023ರ ಜನ ವಿಶ್ವಾಸ್ ಕಾಯ್ದೆ ಈ 27(ಡಿ)ಯನ್ನು ಹಣ ಕಟ್ಟಿ ರಾಜಿ ಮಾಡಿಕೊಳ್ಳಬಹುದಾದ ಅಪರಾಧಗಳ ಸಾಲಿಗೆ ಸೇರಿಸಿತು. ಮರುವರ್ಷ ನವೆಂಬರಿನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಸಾವು ಐದಕ್ಕೆ ಮುಟ್ಟಿತು. ಅವರಿಗೆ ಏರಿಸಿದ್ದ, ಪಶ್ಚಿಮ ಬಂಗಾಳದ ಕಂಪನಿಯೊಂದರ ಡ್ರಿಪ್ ದ್ರಾವಣದ ಮೇಲೆ ಅನುಮಾನ ಬಿದ್ದು, ಅದರ ಬಳಕೆ ನಿಂತಿತು, ರಾಜ್ಯದ ಔಷಧ ನಿಯಂತ್ರಕರು ಅಮಾನತಾದರು. ಬಾಟಲಿಯೊಳಗಿನದು ನಕಲಿಯೋ ಕಳಪೆಯೋ ಎಂಬ ಚರ್ಚೆ ಸತ್ತ ಹೆಣ್ಣುಮಗಳ ಮನೆಯವರಿಗೆ ಏನು ಅರ್ಥವಾದೀತು?

ನಮ್ಮ ಪೇಟೆಗಳ ಔಷಧಿ ಅಂಗಡಿಯ ಮೋಸ ಇಷ್ಟು ದೊಡ್ಡದಲ್ಲ, ಆದರೆ ದಿನನಿತ್ಯದ್ದು. ಟೊಮೆಟೊ ಮಂಡಿಯಲ್ಲಿ ಕಮಿಷನ್ ಮುರಿದುಕೊಂಡು ಕೊಡುವ ‘ಬಿಳಿ ಚೀಟಿ’ಯ ಕತೆ ಚಿಂತಾಮಣಿಯ ರೈತರಿಗೆ ಹೇಳಿಕೊಡಬೇಕಿಲ್ಲ. ಔಷಧಿ ಅಂಗಡಿಯಲ್ಲಿ ಆ ಬಿಳಿ ಚೀಟಿಯೂ ಇಲ್ಲ. ಬ್ಯಾಚ್ ನಂಬರು ಬರೆದ ಬಿಲ್ಲಿಲ್ಲದ ಔಷಧಿಗೆ ಅಪ್ಪ ಅಮ್ಮ ಇಲ್ಲ. ನಾಳೆ ತೊಂದರೆಯಾದರೆ ಇಂಥ ಅಂಗಡಿಯದೇ ಎಂದು ಸಾಬೀತು ಮಾಡುವ ದಾರಿಯೂ ಇಲ್ಲ.

ಹೊಸೂರಿನ ಮೇಷ್ಟರ ಪ್ರಶ್ನೆ

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಒಂದು ಸಮಿತಿ ರಚಿಸಿದರು. ಪರೀಕ್ಷೆಗೆ ನಿಲ್ಲದ ಮಾತನ್ನು ಯಾಕೆ ನಂಬಬೇಕು ಎಂಬುದು ಅವರ ಸರಳ ಪ್ರಶ್ನೆ. ಆ ಪ್ರಶ್ನೆ ಕಾನೂನಾಗಲು ನಾಲ್ಕು ದಶಕ ಹಿಡಿಯಿತು. ಅಮಾನವೀಯ ದುಷ್ಟ ಪದ್ಧತಿಗಳು ಹಾಗೂ ವಾಮಾಚಾರ ತಡೆಯುವ ಕರ್ನಾಟಕದ 2017ರ ಕಾಯ್ದೆ 2020ರಲ್ಲಿ ಜಾರಿಗೆ ಬಂತು. ಹಾವು, ಚೇಳು, ನಾಯಿ ಕಚ್ಚಿದವರನ್ನು ಆಸ್ಪತ್ರೆಗೆ ಹೋಗದಂತೆ ತಡೆದು ಮಂತ್ರ, ತಾಯಿತ ಕಟ್ಟುವುದು ಈಗ ಅಪರಾಧ. ಶಿಕ್ಷೆ ಒಂದರಿಂದ ಏಳು ವರ್ಷ. 2024ರಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಎಂದು ಘೋಷಿಸಿದ್ದರಿಂದ ಈ ಕಾಯ್ದೆಗೆ ದಾಖಲೆಯ ಬಲವೂ ಸಿಕ್ಕಿದೆ.

ಸಕ್ಕರೆ ಕಾಯಿಲೆ, ಕ್ಯಾನ್ಸರ್, ಮೂರ್ಛೆ ಪೂರ್ತಿ ವಾಸಿ ಮಾಡುತ್ತೇವೆ ಎಂದು ಬಸ್ ನಿಲ್ದಾಣದ ಗೋಡೆಗೆ ಅಂಟಿಸಿದ ಚೀಟಿಗಳಿಗೆ ಇನ್ನೂ ಹಳೆಯ ಕಾಯ್ದೆ ಇದೆ, 1954ರದು. ಮೊದಲ ತಪ್ಪಿಗೆ ಆರು ತಿಂಗಳು, ಮತ್ತೆ ಮಾಡಿದರೆ ಒಂದು ವರ್ಷ. ಎಪ್ಪತ್ತು ವರ್ಷ ಕಳೆದರೂ ಚೀಟಿ ಅಂಟಿಸುವವರಿಗೆ ಈ ಕಾಯ್ದೆ ಇರುವುದೇ ತಿಳಿದಂತಿಲ್ಲ.

ಕೇಸು ಯಾಕೆ ನಿಲ್ಲುವುದಿಲ್ಲ

ಇಷ್ಟೆಲ್ಲ ಇದ್ದೂ ಜೈಲು ಖಾಲಿ ಯಾಕೆ? ಮೊದಲ ಕಾರಣ, ದೂರು ಕೊಡುವ ಹಕ್ಕಿನ ಗೊಂದಲ. ನಕಲಿ ವೈದ್ಯರ ಮೇಲೆ 2019ರ ಕಾಯ್ದೆಯಡಿ ಕೋರ್ಟು ವಿಚಾರಣೆ ಕೈಗೆತ್ತಿಕೊಳ್ಳಲು ಅಧಿಕಾರ ಪಡೆದ ಅಧಿಕಾರಿಯ ಲಿಖಿತ ದೂರು ಬೇಕು. ಔಷಧ ಕಾಯ್ದೆಯ ಪ್ರಮುಖ ಅಪರಾಧಗಳಿಗೆ ಪೊಲೀಸರು ಎಫ್‌ಐಆರ್ ಹಾಕುವಂತಿಲ್ಲ, ಅದು ಔಷಧ ಪರಿವೀಕ್ಷಕರ ಕೆಲಸ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. ಠಾಣೆಗೆ ಹೋದವರನ್ನು ಆರೋಗ್ಯ ಇಲಾಖೆಗೆ, ಅಲ್ಲಿಂದ ಮತ್ತೆ ಠಾಣೆಗೆ ತಿರುಗಿಸುವುದರ ಹಿಂದೆ ಸೋಮಾರಿತನವೂ ಇದೆ, ಕಾನೂನೂ ಇದೆ.

ಎರಡನೆಯದು ಕಾಲಮಿತಿ. ಒಂದು ವರ್ಷದವರೆಗಿನ ಸಜೆಯ ಅಪರಾಧಕ್ಕೆ ಒಂದು ವರ್ಷದೊಳಗೆ ದೂರು ದಾಖಲಾಗಬೇಕು. ನಕಲಿ ವೈದ್ಯ ವೃತ್ತಿ ಆ ಗುಂಪಿನದೇ. ಕಡತ ತಾಲ್ಲೂಕಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ಬೆಂಗಳೂರಿಗೆ ಅಲೆಯುವಷ್ಟರಲ್ಲಿ ವರ್ಷ ಕಳೆದಿರುತ್ತದೆ. ಜೊತೆಗೆ 318(4) ಸೇರಿಸಿದರೆ ಈ ಗೋಜಿಲ್ಲ. ಏಳು ವರ್ಷದ ಅಪರಾಧಕ್ಕೆ ಕಾಲಮಿತಿ ಇಲ್ಲ, ಎಫ್‌ಐಆರ್ ಹಾಕಲು ಠಾಣೆಗೆ ಯಾರ ಅನುಮತಿಯೂ ಬೇಡ.

ಮೂರನೆಯದು ರಾಜಕೀಯ. ಖಾಸಗಿ ಆಸ್ಪತ್ರೆಗಳ 2007ರ ಕಾಯ್ದೆಯನ್ನು (ಕೆಪಿಎಂಇ) ಬಿಗಿ ಮಾಡಲು 2017ರಲ್ಲಿ ಹೊರಟವರು ಆಗಿನ ಆರೋಗ್ಯ ಸಚಿವ, ಚಿಂತಾಮಣಿಯ ಪಕ್ಕದ ಶ್ರೀನಿವಾಸಪುರದ ಕೆ.ಆರ್. ರಮೇಶ್ ಕುಮಾರ್. ಹೆಚ್ಚು ಹಣ ಕಿತ್ತರೆ ಜೈಲು ಎಂಬ ಅಂಶ ಮೊದಲ ಕರಡಿನಲ್ಲಿತ್ತು. ನವೆಂಬರಿನಲ್ಲಿ ಖಾಸಗಿ ವೈದ್ಯರು ಮುಷ್ಕರ ಹೂಡಿದರು. ಬೆಳಗಾವಿ ಅಧಿವೇಶನದಲ್ಲಿ ಮಸೂದೆ ಪಾಸಾಗುವಾಗ ಆ ಅಂಶ ಇರಲಿಲ್ಲ. ಉಳಿದದ್ದು ರೋಗಿಗಳ ಹಕ್ಕುಪಟ್ಟಿ, ಬಾಕಿ ಹಣಕ್ಕಾಗಿ ಹೆಣ ಹಿಡಿದಿಡಬಾರದೆಂಬ ನಿಯಮ, ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ದೂರು ಪ್ರಾಧಿಕಾರ. ಇವೂ ಸಣ್ಣವಲ್ಲ, ಬಳಸುವವರಿದ್ದರೆ.

ನಾಲ್ಕನೆಯದು, ಎಲ್ಲಕ್ಕಿಂತ ದೊಡ್ಡದು, ಕಾಗದ. ಚಿಂತಾಮಣಿ ತಾಲ್ಲೂಕಿನ ಹಳ್ಳಿಯಲ್ಲಿರುವ ನನ್ನ ಸೋದರತ್ತೆಗೆ ಒಮ್ಮೆ ಸೂಜಿ ಹಾಕಿಸಿಕೊಂಡ ಜಾಗ ಕೀವಾಗಿ, ಕೊನೆಗೆ ಕೊಯ್ದು ತೆಗೆಯಬೇಕಾಯಿತು. ದೂರು ಕೊಡೋಣ ಎಂದು ಹೊರಟೆವು. “ಚೀಟಿ ಎಲ್ಲಿ?” ಎಂಬ ಮೊದಲ ಪ್ರಶ್ನೆಗೇ ನಿಂತೆವು. ಸೂಜಿ ಹಾಕಿದವರು “ನಮ್ಮ ಹತ್ರ ಬಂದೇ ಇಲ್ಲ” ಅಂದರು. ಅತ್ತೆಯ ಸೊಂಟದ ಕಲೆ ಬಿಟ್ಟರೆ ಬೇರೆ ಸಾಕ್ಷಿ ನಮ್ಮಲ್ಲಿರಲಿಲ್ಲ.

ಏನಾಗಬೇಕು

ಶಿಕ್ಷೆಯ ವರ್ಷ ಹೆಚ್ಚಿಸಿ ಎಂಬ ಕೂಗು ಪ್ರತಿ ಹಗರಣದ ಮರುದಿನ ಏಳುತ್ತದೆ. ನನ್ನ ಮಟ್ಟಿಗೆ ಅದು ಎರಡನೆಯ ಕೆಲಸ. ಮೊದಲ ಕೆಲಸ, ಇರುವ ಏಳು ವರ್ಷವನ್ನು ಬಳಸುವುದು. ಬೀಗಮುದ್ರೆ ಹಾಕಿದ ದಿನವೇ 318(4)ರ ಅಡಿ ಎಫ್‌ಐಆರ್ ಆಗಬೇಕು. ಯೋಜನೆಯಿಂದ ಹೊರಹಾಕಿದ ಆಸ್ಪತ್ರೆಯ ಸುಳ್ಳು ಬಿಲ್ಲುಗಳು ಟ್ರಸ್ಟಿನ ಕಡತದಿಂದ ಠಾಣೆಗೆ ಹೋಗಬೇಕು. ಬಿಡುಗಡೆಯ ಹಾಳೆ ಕನ್ನಡದಲ್ಲಿರಬೇಕು, ಕಾರ್ಡಿನಿಂದ ಹೋದ ಮೊತ್ತ ಅದರ ಮೇಲೆ ಎದ್ದು ಕಾಣಬೇಕು.

ಓದುಗರ ಕೈಯಲ್ಲಿರುವುದೂ ಕಡಿಮೆಯಲ್ಲ. ಕ್ಲಿನಿಕ್ಕಿನ ಬೋರ್ಡಿನಲ್ಲಿ ಕೆಪಿಎಂಇ ನೋಂದಣಿ ನಂಬರು ಇದೆಯೇ ನೋಡಿ. ಆಯುಷ್ಮಾನ್ ಕಾರ್ಡಿದ್ದೂ ಹಣ ಕೇಳಿದರೆ 104ಕ್ಕೆ ಅಥವಾ 14555ಕ್ಕೆ ಫೋನು ಮಾಡಿ. ಸರ್ಕಾರಿ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಒತ್ತಾಯಕ್ಕೆ ಲಂಚ ಕೊಟ್ಟಿದ್ದರೆ ಏಳು ದಿನದೊಳಗೆ ಲೋಕಾಯುಕ್ತಕ್ಕೆ ತಿಳಿಸಿ. ಕೊಟ್ಟವರ ಮೇಲೆ ಕೇಸಾಗದು, ಪಡೆದವರಿಗೆ ಮೂರರಿಂದ ಏಳು ವರ್ಷ.

ಇವೆಲ್ಲಕ್ಕೂ ಮೊದಲು ಚೀಟಿ ಕೇಳಿ. ಗೂಡಿನ ಲಾಟಿಗೆ ಕೇಳುವಷ್ಟೇ ಗಟ್ಟಿಯಾಗಿ ಸೂಜಿಗೂ ಮಾತ್ರೆಗೂ ಕೇಳಿ. ಕೊಡುವುದಿಲ್ಲ ಎಂದರೆ ಆ ಬೆಂಚಿನಿಂದ ಎದ್ದು ಬನ್ನಿ. ಕೊಟ್ಟರೆ, ಪಹಣಿ ಇಟ್ಟ ಪೆಟ್ಟಿಗೆಯಲ್ಲೇ ಅದನ್ನೂ ಇಡಿ.